ಹಿತ್ತಿಲ ಕೋಣೆಗೆ ಹಳೆಯ ಸಾಮಗ್ರಿ: ದುಬೈ, ಅಬುಧಾಬಿಯ ‘ಮುಲ್ಹಕ್’ಗಳ ಮರುಬಳಕೆ

ಸಂಯುಕ್ತ ಅರಬ್ ಸಂಸ್ಥಾನದ ಹಳೆಯ ವಿಲ್ಲಾಗಳ ಹಿತ್ತಿಲಿನಲ್ಲಿ, ಆವರಣದ ಗೋಡೆಗೆ ಬೆನ್ನು ಕೊಟ್ಟು ನಿಂತ ಒಂದೆರಡು ಸಣ್ಣ ಕಟ್ಟಡಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಅರಬ್ಬಿಯಲ್ಲಿ ಇಂಥದನ್ನು ‘ಮುಲ್ಹಕ್’ ಎನ್ನುತ್ತಾರೆ. ಮುಖ್ಯವಾದದ್ದಕ್ಕೆ ಸೇರಿಸಿದ್ದು ಎಂಬುದು ಆ ಪದದ ಅರ್ಥ. ಚಾಲಕನ ಕೋಣೆ, ಕೆಲಸದವರ ಕೋಣೆ, ಹೊರಗಿನ ಅಡುಗೆಮನೆ, ಉಗ್ರಾಣ, ಅತಿಥಿಗಳಿಗಾಗಿ ಪ್ರತ್ಯೇಕವಾಗಿ ಕಟ್ಟಿದ ಮಜ್ಲಿಸ್ ಇವೆಲ್ಲ ಆ ಹೆಸರಿನಡಿಯಲ್ಲಿ ಬರುತ್ತವೆ. ನಮ್ಮ ಕರಾವಳಿಯ ಮನೆಗಳಿಗೆ ಹಟ್ಟಿ, ಸೌದೆಕೊಟ್ಟಿಗೆ, ಬಚ್ಚಲುಕೊಟ್ಟಿಗೆಗಳು ಹೇಗೋ ಹಾಗೆ. ಬಾಡಿಗೆದಾರರು ಬದಲಾದಾಗ ಮೊದಲು ಪಾಳು ಬೀಳುವವು ಇವೇ. ಕೆಟ್ಟ ಹವಾನಿಯಂತ್ರಕ, ತುಕ್ಕು ಹಿಡಿದ ಸೈಕಲ್ಲು, ಹಿಡಿ ಮುರಿದ ಸೂಟ್‌ಕೇಸುಗಳು ಕ್ರಮೇಣ ಇವುಗಳೊಳಗೆ ಸೇರಿಕೊಳ್ಳುತ್ತವೆ.

2019ರಲ್ಲಿ ದುಬೈಯ ರಾಶಿದಿಯಾ ಬಡಾವಣೆಯಲ್ಲಿ ನಾವು ಬಾಡಿಗೆಗೆ ಹಿಡಿದ ವಿಲ್ಲಾಕ್ಕೂ ಅಂಥದೊಂದು ಉಗ್ರಾಣವಿತ್ತು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಸಿಮೆಂಟ್ ಇಟ್ಟಿಗೆಯ ಕೋಣೆ. ಅದಕ್ಕೆ ತಾಗಿದಂತೆ, ಬಟ್ಟೆ ಒಗೆಯುವ ಜಾಗದ ಮೇಲೆ ಇಳಿಜಾರಾಗಿ ಹೊದಿಸಿದ ಅಲೆಅಲೆಯಾದ ಬೂದು ಬಣ್ಣದ ತಗಡುಗಳು. ಊರಿನಿಂದ ತಂದ ಕನ್ನಡ ಪುಸ್ತಕಗಳಿಗೆ ಆ ಕೋಣೆಯನ್ನು ಅಣಿಗೊಳಿಸಬೇಕು, ಅದೂ ಸಾಧ್ಯವಾದಷ್ಟು ಗುಜರಿಯಿಂದ ತಂದ ಹಳೆಯ ಸಾಮಗ್ರಿಯಿಂದಲೇ ಆಗಬೇಕು ಎಂಬುದು ನನ್ನ ಹಟವಾಗಿತ್ತು. ಆ ಆರು ವರ್ಷಗಳಲ್ಲಿ ಕಲಿತದ್ದನ್ನೂ, ಮಾಡಿದ ಒಂದು ಗಂಭೀರವಾದ ತಪ್ಪನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಹಳೆಯ ಸಾಮಗ್ರಿಯನ್ನು ಮತ್ತೆ ಬಳಸುವುದು ಈ ನಾಡಿಗೆ ಹೊಸದಲ್ಲ. ತೈಲ ದೊರೆಯುವ ಮುನ್ನ ಇಲ್ಲಿನ ಬಹುಪಾಲು ಜನ ವಾಸಿಸುತ್ತಿದ್ದದ್ದು ‘ಅರೀಶ್’ ಎಂಬ ಖರ್ಜೂರದ ಗರಿಯ ಮನೆಗಳಲ್ಲಿ. ಗರಿಯ ನಡುದಿಂಡನ್ನು ಎಲೆಯಿಂದ ಬೇರ್ಪಡಿಸಿ, ಹಗ್ಗದಿಂದ ಸಾಲಾಗಿ ಕಟ್ಟಿ, ಚಾಪೆಯಂತೆ ಸುತ್ತಿಡಬಹುದಾದ ಗೋಡೆಗಳನ್ನು ಮಾಡುತ್ತಿದ್ದರು. ಬೇಸಗೆಯ ಮನೆಗೆ ಗಾಳಿ ಆಡುವಂತೆ ಸಡಿಲವಾದ ಹೆಣಿಗೆ, ಚಳಿಗಾಲದ್ದಕ್ಕೆ ಒತ್ತಾದದ್ದು. ಕಡಲತೀರದ ಕುಟುಂಬಗಳು ಬೇಸಗೆ ಬಂತೆಂದರೆ ಅಲ್ ಐನ್, ಲೀವಾಗಳ ಖರ್ಜೂರದ ತೋಟಗಳಿಗೆ ವಲಸೆ ಹೋಗುತ್ತಿದ್ದವು. ಮನೆಯೆಂದರೆ ಬಿಚ್ಚಿ ಕಟ್ಟಬಹುದಾದದ್ದು ಎಂಬುದು ಅವರಿಗೆ ಸಹಜವಾಗಿತ್ತು. ಇದರ ದೌರ್ಬಲ್ಯವನ್ನೂ ಹೇಳಬೇಕು. 1894ರಲ್ಲಿ ದೇರಾದಲ್ಲಿ ಹೊತ್ತಿದ ಬೆಂಕಿ ಅಲ್ಲಿನ ಹೆಚ್ಚಿನ ಮನೆಗಳನ್ನು ಸುಟ್ಟುಹಾಕಿತು.

ಉಳ್ಳವರ ಮನೆಗಳು ಹವಳದ ಕಲ್ಲಿನವು. ಸಮುದ್ರದಿಂದ ತೆಗೆದ ಆ ಹಗುರವಾದ, ರಂಧ್ರಮಯವಾದ ಕಲ್ಲಿಗೆ ಜಿಪ್ಸಮ್ಮಿನ ಗಾರೆ. ಮಾಡಿಗೆ ಪೂರ್ವ ಆಫ್ರಿಕದಿಂದ ಹಡಗಿನಲ್ಲಿ ಬಂದ ಕಾಂಡ್ಲಾ ಮರದ ಕಂಬಗಳು. ಇವಕ್ಕೆ ಇಲ್ಲಿ ‘ಚಂದಲ್’ ಎಂದು ಹೆಸರು. ಕಂಬದ ಉದ್ದ ಸುಮಾರು ಮೂರು ಮೀಟರಿಗಿಂತ ಹೆಚ್ಚು ದೊರೆಯದ ಕಾರಣ ಕೋಣೆಯ ಅಗಲವೂ ಅಷ್ಟಕ್ಕೇ ನಿಲ್ಲುತ್ತಿತ್ತು. ದುಬೈಯ ಅಲ್ ಫಹೀದಿ ಬಡಾವಣೆಯ ಗಾಳಿಗೋಪುರದ ಮನೆಗಳಿಗೆ ಹೋದವರು ತಲೆಯೆತ್ತಿ ನೋಡಿದರೆ ಈ ಲೆಕ್ಕ ಕಣ್ಣಿಗೆ ಕಾಣುತ್ತದೆ. ಬಾಗಿಲುಗಳ ತೇಗ ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಮರವೇ ಬೆಳೆಯದ ನಾಡಿನಲ್ಲಿ ಹಡಗಿನ ಹಲಗೆಯಾಗಲಿ ಹಳೆಯ ಕಂಬವಾಗಲಿ ಎಸೆಯುವ ವಸ್ತುವಾಗಿರಲಿಲ್ಲ.

ಇದರಲ್ಲಿ ಒಂದು ಪಾಠ ಅಬುಧಾಬಿಯ ಕಸ್ರ್ ಅಲ್ ಹೊಸ್ನ್ ಕೋಟೆಯದು. 18ನೇ ಶತಮಾನದ ಕಾವಲುಗೋಪುರದಿಂದ ಬೆಳೆದ ಈ ಕೋಟೆಯ ಹವಳದ ಗೋಡೆಗಳಿಗೆ 1980ರ ದಶಕದಲ್ಲಿ ಬಿಳಿಯ ಆಧುನಿಕ ಗಿಲಾವು ಬಳಿದರು. ಗೋಡೆಯೊಳಗಿನ ತೇವ ಹೊರಬರಲಾರದೆ ಒಳಗೇ ಕೊಳೆಸತೊಡಗಿತು. ಸಂರಕ್ಷಣೆಯ ಕೆಲಸದಲ್ಲಿ ಆ ಗಿಲಾವನ್ನು ಸುಲಿದು ತೆಗೆದು, 2018ರ ಡಿಸೆಂಬರಿನಲ್ಲಿ ಕೋಟೆಯನ್ನು ಮತ್ತೆ ಸಾರ್ವಜನಿಕರಿಗೆ ತೆರೆದರು. ಹಳೆಯ ಗೋಡೆಯನ್ನು ‘ಬಲಪಡಿಸುತ್ತೇವೆ’ ಎಂದು ಸಿಮೆಂಟು ಮೆತ್ತುವವರು ಒಮ್ಮೆ ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು. ನನ್ನ ಉಗ್ರಾಣದ ಗೋಡೆಯಲ್ಲಿ ಉಪ್ಪು ಬಿಳಿಯ ಹುಡಿಯಾಗಿ ಒಡೆಯುತ್ತಿದ್ದಾಗ, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಹಚ್ಚದೆ ಕೆರೆದು ಸುಣ್ಣ ಬಳಿದದ್ದು ಅದನ್ನು ನೋಡಿ ಬಂದ ಮೇಲೆ.

ಕರಾವಳಿಯ ಕನ್ನಡಿಗರಿಗೂ ಈ ಬುದ್ಧಿ ರಕ್ತಗತವಾದದ್ದೇ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ನಮ್ಮ ಮಾಡುಗಳನ್ನೇ ಬದಲಾಯಿಸಿತು. ಆ ಹೆಂಚಿನ ಗುಣವೇನೆಂದರೆ ಅದಕ್ಕೆ ಗಾರೆ ಬೇಡ. ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಂಡು, ರೀಪಿನ ಮೇಲೆ ತನ್ನ ಭಾರದಿಂದಲೇ ನಿಲ್ಲುತ್ತದೆ. ಆದ್ದರಿಂದ ಒಂದು ಮನೆ ಕೆಡವಿದಾಗ ಹೆಂಚು ಇಳಿಸಿ, ಪಾಚಿ ತಿಕ್ಕಿ, ಇನ್ನೊಂದಕ್ಕೆ ಏರಿಸಬಹುದು. ನನ್ನ ಬಾಲ್ಯದ ಮನೆಯಲ್ಲಿ ಚಾವಡಿಯ ತೊಲೆಗೆ ವಯಸ್ಸಾದರೆ ಅದು ಹಟ್ಟಿಗೆ ಇಳಿಯುತ್ತಿತ್ತು, ಹಟ್ಟಿಯದು ಸೌದೆಕೊಟ್ಟಿಗೆಗೆ, ಕೊನೆಗೆ ಬಚ್ಚಲೊಲೆಗೆ. ಹೊರಕೊಟ್ಟಿಗೆಗೆ ಹೊಸ ಮರ ತರುವುದು ದುಂದುಗಾರಿಕೆ ಎಂದೇ ಎಣಿಕೆ.

ತೈಲದ ಹಣ ಬಂದ ಮೇಲೆ, ಮುಖ್ಯವಾಗಿ 1970ರ ದಶಕದಿಂದ, ಇಲ್ಲಿನ ಸರಕಾರ ತನ್ನ ಪ್ರಜೆಗಳಿಗೆ ಕಟ್ಟಿಸಿಕೊಟ್ಟ ಒಂದೇ ಮಾದರಿಯ ಅಂಗಳದ ಮನೆಗಳಿಗೆ ‘ಶಾಬಿ’ ಮನೆಗಳೆಂದು ಹೆಸರು. ‘ಜನರ ಮನೆ’ ಎಂದರ್ಥ. ಒಂದೇ ನಕ್ಷೆಯ ಮನೆಗಳು ಇಪ್ಪತ್ತು ವರ್ಷಗಳಲ್ಲಿ ಒಂದರಂತೆ ಒಂದಿಲ್ಲದಾದವು. ಒಬ್ಬ ಗೋಡೆ ಎತ್ತರಿಸಿದ, ಇನ್ನೊಬ್ಬ ಅಂಗಳದಲ್ಲಿ ಮಜ್ಲಿಸ್ ಕಟ್ಟಿದ, ಮತ್ತೊಬ್ಬ ಹಿತ್ತಿಲಲ್ಲಿ ಮುಲ್ಹಕ್ ಸೇರಿಸಿದ. ವೆನಿಸ್ಸಿನ ವಾಸ್ತುಶಿಲ್ಪ ದ್ವೈವಾರ್ಷಿಕದಲ್ಲಿ 2016ರ ಎಮಿರೇಟ್ಸ್ ಮಂಟಪದ ವಿಷಯ ಇದೇ ಆಗಿತ್ತು. ಯಾಸಿರ್ ಎಲ್‌ಶೆಷ್ಟಾವಿ ಅದರ ಸಂಯೋಜಕರಾಗಿದ್ದರು. ಗಾಜಿನ ಗೋಪುರಗಳ ನಾಡು ತನ್ನ ವಾಸ್ತುವೆಂದು ಜಗತ್ತಿಗೆ ತೋರಿಸಿದ್ದು ಜನ ತಾವೇ ಸೇರಿಸಿ ತಿದ್ದಿಕೊಂಡ ಸಾಮಾನ್ಯ ಮನೆಗಳನ್ನು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಆದರೆ ಆ ಜನ ತಮ್ಮ ಸ್ವಂತ ಮನೆಯನ್ನು ತಿದ್ದಿದವರು. ನಮ್ಮಲ್ಲಿ ಹೆಚ್ಚಿನವರು ಬಾಡಿಗೆಯವರು, ವೀಸಾದ ಅವಧಿಗೆ ಒಳಪಟ್ಟವರು. ಇಲ್ಲಿಂದ ಮುಂದೆ ಕಾನೂನನ್ನು ತಿಳಿಯದೆ ಮೊಳೆ ಹೊಡೆಯುವಂತಿಲ್ಲ.

ದುಬೈಯಲ್ಲಿ ಮನೆಯೊಡೆಯರ ಮತ್ತು ಬಾಡಿಗೆದಾರರ ಸಂಬಂಧವನ್ನು ನಿಯಂತ್ರಿಸುವುದು 2007ರ 26ನೇ ಕಾನೂನು. ಅದರ 19ನೇ ವಿಧಿಯ ಪ್ರಕಾರ ಒಡೆಯನ ಅನುಮತಿ ಮತ್ತು ಸಂಬಂಧಪಟ್ಟ ಇಲಾಖೆಯ ಪರವಾನಗಿ ಎರಡೂ ಇಲ್ಲದೆ ಬಾಡಿಗೆದಾರ ಕಟ್ಟಡದಲ್ಲಿ ಬದಲಾವಣೆ ಮಾಡುವಂತಿಲ್ಲ. 21ನೇ ವಿಧಿಯಂತೆ ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಸಹಜವಾದ ಸವೆತಕ್ಕೆ ಮಾತ್ರ ವಿನಾಯಿತಿ. ಹೆಚ್ಚಿನವರಿಗೆ ಗೊತ್ತಿಲ್ಲದಿರುವುದು 23ನೇ ವಿಧಿ. ಬೇರೆ ಒಪ್ಪಂದವಿಲ್ಲದಿದ್ದರೆ, ಬಾಡಿಗೆದಾರ ತಾನು ಮಾಡಿದ ಸ್ಥಿರವಾದ ಸುಧಾರಣೆಗಳನ್ನು ಬಿಟ್ಟುಹೋಗುವಾಗ ಕಿತ್ತುಕೊಂಡು ಹೋಗುವಂತಿಲ್ಲ. ಅಂದರೆ ಗೋಡೆಗೆ ಗಾರೆ ಹಾಕಿ ಕೂರಿಸಿದ ನಿಮ್ಮ ತೇಗದ ಬಾಗಿಲು, ಒಪ್ಪಂದದಲ್ಲಿ ಬರೆಸದಿದ್ದರೆ, ಅಲ್ಲಿಯೇ ಉಳಿಯುತ್ತದೆ. ಅಬುಧಾಬಿಯ ಬಾಡಿಗೆ ಕಾನೂನು ಬೇರೆ, 2006ರ 20ನೆಯದು. ಅಲ್ಲಿರುವವರು ಅದನ್ನೇ ನೋಡಿಕೊಳ್ಳಬೇಕು. ನಾನು ಒಪ್ಪಂದಕ್ಕೆ ಒಂದು ಪುಟದ ಪಟ್ಟಿಯನ್ನು ಸೇರಿಸಿ, ಏನೇನು ನನ್ನದು, ಯಾವುದನ್ನು ಬಿಚ್ಚಿಕೊಂಡು ಹೋಗುತ್ತೇನೆ ಎಂಬುದಕ್ಕೆ ಒಡೆಯರ ಸಹಿ ಹಾಕಿಸಿಕೊಂಡೆ. ಹೊರಚಪ್ಪರಕ್ಕೆ ಪುರಸಭೆಯ ಪರವಾನಗಿಯನ್ನು ಅವರ ಹೆಸರಿನಲ್ಲೇ ಪಡೆಯಬೇಕಾಯಿತು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮುಲ್ಹಕ್ ಎಂದರೆ ಈ ಊರುಗಳಲ್ಲಿ ಬಹಳ ಮಂದಿಗೆ ಅಗ್ಗದ ಬಾಡಿಗೆಯ ವಾಸಸ್ಥಳ. ಹಲಗೆಯ ಅಡ್ಡಗೋಡೆ ಹಾಕಿ, ಅಡುಗೆಮನೆಯಿಂದ ಒಂದು ತಂತಿ ಎಳೆದು, ಮೂವರನ್ನು ಮಲಗಿಸುವುದು ಹೊಸ ಸಂಗತಿಯಲ್ಲ. ಹಾಗೆ ಮಾಡುವವರಲ್ಲಿ ನಮ್ಮವರೂ ಇದ್ದಾರೆ. 2025ರಲ್ಲಿ ದುಬೈ ಪುರಸಭೆ ಅಕ್ರಮ ಅಡ್ಡಗೋಡೆಗಳ ವಿರುದ್ಧ ಸತ್ವಾ, ಬರ್ಶಾ, ರಿಗ್ಗಾ ಮುಂತಾದೆಡೆ ಕಾರ್ಯಾಚರಣೆ ನಡೆಸಿತು. ಕಾನೂನಿನ ಮಾತು ಹಾಗಿರಲಿ, ಒಂದೇ ಬಾಗಿಲಿರುವ, ಕಿಟಕಿ ಇಲ್ಲದ ಕೋಣೆಯಲ್ಲಿ ಮನುಷ್ಯರನ್ನು ಮಲಗಿಸುವುದಕ್ಕೆ ಮರುಬಳಕೆ ಎಂಬ ಹೆಸರು ಸಲ್ಲದು. ಈ ಲೇಖನದಲ್ಲಿ ಹೇಳುವುದೆಲ್ಲ ಕೆಲಸದ ಕೋಣೆ, ಪುಸ್ತಕದ ಕೋಣೆ, ಗಿಡಗಳ ಚಪ್ಪರ ಇಂಥವಕ್ಕೆ ಮಾತ್ರ.

ಸಾಮಗ್ರಿಯ ವಿಷಯಕ್ಕೆ ಬರೋಣ. ವಿಲ್ಲಾಗಳನ್ನು ಕೆಡವುವ ಗುತ್ತಿಗೆದಾರರು ಬಾಗಿಲು, ಅಲ್ಯೂಮಿನಿಯಂ ಕಿಟಕಿ, ಸತುಲೇಪಿತ ಕೊಳವೆ, ಕಬ್ಬಿಣದ ಜಾಲರಿಗಳನ್ನು ಬೇರ್ಪಡಿಸಿ ಮಾರುತ್ತಾರೆ. ಶಾರ್ಜಾದ ಕೈಗಾರಿಕಾ ಪ್ರದೇಶದಲ್ಲಿಯೂ ಅಬುಧಾಬಿಯ ಮುಸಫ್ಫಾದಲ್ಲಿಯೂ ಅಲೆದರೆ ಬೇಕಾದದ್ದು ಸಿಗುತ್ತದೆ. ಶುಕ್ರವಾರ ಬೆಳಗ್ಗೆ ಹೋಗಬೇಡಿ, ಬಾಗಿಲು ಹಾಕಿರುತ್ತಾರೆ. ಘನವಾದ ತೇಗದ ಬಾಗಿಲನ್ನು ತೂಕದಿಂದಲೇ ಗುರುತಿಸಬಹುದು. ಒಬ್ಬರೇ ಎತ್ತಿದರೆ ಅದು ತೇಗವಲ್ಲ. ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಗೆದ್ದಲು ಮರುಭೂಮಿಯಲ್ಲಿ ಇರುವುದಿಲ್ಲವೆಂಬುದು ನಮ್ಮ ಭ್ರಮೆ. ನೀರು ಹಾಯಿಸಿದ ತೋಟವಿರುವಲ್ಲೆಲ್ಲ ಅದು ಇದೆ.

ಸರಕು ಸಾಗಿಸುವ ಮರದ ಪ್ಯಾಲೆಟ್ಟುಗಳು ಬಂದರಿನ ಊರಿನಲ್ಲಿ ಬೇಕಾದಷ್ಟು. ಅವುಗಳ ಪಕ್ಕದಲ್ಲಿ ಗೋಧಿತೆನೆಯ ಗುರುತಿನೊಡನೆ ಅಕ್ಷರಗಳ ಮುದ್ರೆಯಿರುತ್ತದೆ. ‘ಎಚ್‌ಟಿ’ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾದಿದೆ ಎಂದರ್ಥ. ಅದು ಬಳಕೆಗೆ ಯೋಗ್ಯ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಧೂಪಿಸಿದ್ದು. ಮನೆಯ ಹತ್ತಿರಕ್ಕೂ ಬೇಡ. ಮುದ್ರೆಯೇ ಇಲ್ಲದ್ದೂ ಬೇಡ.

ಅಗ್ಗವಾಗಿ, ನೋಡಲು ಅಂದವಾಗಿ ಸಿಗುವ ಇನ್ನೊಂದು ವಸ್ತು ಕಟ್ಟಡಗಳ ಹೊರಮೈಯಿಂದ ಕಿತ್ತ ಅಲ್ಯೂಮಿನಿಯಂ ಹೊದಿಕೆಯ ಹಲಗೆ. ಎರಡು ತೆಳು ಲೋಹದ ಹಾಳೆಗಳ ನಡುವೆ, ಹಳೆಯವುಗಳಲ್ಲಿ ಹೆಚ್ಚಾಗಿ, ಇರುವುದು ಪಾಲಿಥೀನ್. 2015ರ ಡಿಸೆಂಬರ್ 31ರ ರಾತ್ರಿ ದುಬೈಯ ಅಡ್ರೆಸ್ ಹೋಟೆಲಿನ ಮೈಮೇಲೆ ಬೆಂಕಿ ಮಹಡಿಯಿಂದ ಮಹಡಿಗೆ ಹರಿದದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥ ಬೆಂಕಿಗಳ ನಂತರ ಬಂದ ಅಗ್ನಿಸುರಕ್ಷಾ ಸಂಹಿತೆ ಈ ಹೊದಿಕೆಗಳಿಗೆ ಕಟ್ಟುನಿಟ್ಟಿನ ನಿಯಮ ತಂದಿತು. ಹಾಗೆ ಕಿತ್ತ ಹಲಗೆ ಗುಜರಿಗೆ ಬರುತ್ತದೆ. ಅದನ್ನು ಹಿತ್ತಿಲ ಕೋಣೆಗೆ ಹೊದಿಸಿದರೆ ಗೋಪುರದ ಅಪಾಯವನ್ನು ಮನೆಗೆ ತಂದಂತಾಯಿತು.

ಈಗ ನನ್ನ ತಪ್ಪು. 2019ರ ಡಿಸೆಂಬರಿನಲ್ಲಿ, ಆ ಬಟ್ಟೆ ಒಗೆಯುವ ಜಾಗದ ಮಾಡಿನಲ್ಲಿ ಬೆಳಕಿಗೊಂದು ಕಿಂಡಿ ಬೇಕೆಂದು, ಇಬ್ಬರು ಕೆಲಸದವರ ನೆರವಿನಿಂದ ಎರಡು ಬೂದು ತಗಡುಗಳನ್ನು ಗ್ರೈಂಡರಿನಿಂದ ಕತ್ತರಿಸಿದೆ. ಅದು ಲೋಹದ ತಗಡಲ್ಲ, ಸಿಮೆಂಟ್ ಶೀಟು ಎಂದು ಕೈಗೆ ತಾಗಿದಾಗಲೇ ತಿಳಿದಿತ್ತು. ಊರಿನಲ್ಲಿ ನಾನು ಬೆಳೆದದ್ದು ಅಂಥದೇ ಶೀಟಿನ ಕೆಳಗೆ. ಯಾರ ಬಾಯಿಗೂ ಮುಖಗವಸು ಇರಲಿಲ್ಲ. ಹತ್ತು ನಿಮಿಷ ಹಿತ್ತಿಲೆಲ್ಲ ಬಿಳಿಯ ಹುಡಿ. ಮರುದಿನ ಸಂಜೆ ಕಟ್ಟಡ ಸುರಕ್ಷತೆಯ ಉದ್ಯೋಗದಲ್ಲಿದ್ದ ನೆರೆಯವರೊಬ್ಬರು ಕತ್ತರಿಸಿದ ತುಂಡಿನ ಅಂಚಿನಲ್ಲಿ ನಾರುಗಳನ್ನು ತೋರಿಸಿ, ಮನೆಯ ವಯಸ್ಸೆಷ್ಟು ಎಂದು ಕೇಳಿದರು.

ಈ ದೇಶ ಆಸ್ಬೆಸ್ಟಾಸ್ ಹಲಗೆಗಳ ಆಮದು, ತಯಾರಿಕೆ, ಬಳಕೆಯನ್ನು ನಿಷೇಧಿಸಿದ್ದು 2006ರಲ್ಲಿ. ಅದಕ್ಕೆ ಹಿಂದಿನ ಹೊರಕಟ್ಟಡಗಳ ಸಿಮೆಂಟ್ ಶೀಟು, ಕೆಲವು ಒಳಮಾಡಿನ ಹಲಗೆ, ಹಳೆಯ ನೀರಿನ ಕೊಳವೆಗಳಲ್ಲಿ ಆ ನಾರು ಇರುವ ಸಂಭವವುಂಟು. ಶೀಟು ಅಲುಗದೆ ಒಡೆಯದೆ ಇರುವಷ್ಟು ಕಾಲ ಅಪಾಯ ಕಡಿಮೆ. ಒಣಗಿದ್ದನ್ನು ಕತ್ತರಿಸಿದಾಗ, ಕೊರೆದಾಗ, ಉಜ್ಜಿದಾಗ ಕಣ್ಣಿಗೆ ಕಾಣದ ನಾರುಗಳು ಗಾಳಿಗೆ ಏಳುತ್ತವೆ. ಉಸಿರಿನೊಡನೆ ಒಳಹೊಕ್ಕ ನಾರು ಹೊರಬರುವುದಿಲ್ಲ; ಅದು ತರುವ ಶ್ವಾಸಕೋಶದ ಮತ್ತು ಅದರ ಪೊರೆಯ ಕ್ಯಾನ್ಸರ್ ಕಾಣಿಸಿಕೊಳ್ಳಲು ಎರಡು ಮೂರು ದಶಕಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಭಾರತದಲ್ಲಿ ಬಿಳಿ ಆಸ್ಬೆಸ್ಟಾಸಿನ ಶೀಟು ಇಂದಿಗೂ ಅಂಗಡಿಯಲ್ಲಿ ಸಿಗುವುದರಿಂದ ನಮಗೆ ಅದರ ಭಯವೇ ಹುಟ್ಟಿಲ್ಲ. ಪ್ರಯೋಗಾಲಯಕ್ಕೆ ಕಳಿಸಿದ ತುಂಡಿನ ವರದಿ ಬಂತು: ಕ್ರಿಸೋಟೈಲ್, ಅಂದರೆ ಬಿಳಿ ಆಸ್ಬೆಸ್ಟಾಸ್, ಇದೆ.

ಒಡೆಯರಿಗೆ ತಿಳಿಸಿದೆ. ಪುರಸಭೆಯ ಮಾನ್ಯತೆ ಪಡೆದ ಸಂಸ್ಥೆಯವರು ಮೈಮುಚ್ಚಿದ ಉಡುಪಿನಲ್ಲಿ ಬಂದು, ಶೀಟುಗಳನ್ನು ನೀರಿನಿಂದ ನೆನೆಸಿ, ಒಡೆಯದಂತೆ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ ಅಪಾಯಕಾರಿ ತ್ಯಾಜ್ಯವಾಗಿ ಒಯ್ದರು. ಹಳೆಯ ಸಾಮಗ್ರಿಯಿಂದ ಉಳಿಸಬೇಕೆಂದಿದ್ದ ಹಣಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಅದು ದೊಡ್ಡ ಸಂಗತಿಯಲ್ಲ. ಆ ಇಬ್ಬರು ಕೆಲಸದವರಲ್ಲಿ ಒಬ್ಬರು ಕುಂದಾಪುರದ ಕಡೆಯವರು, ಅಷ್ಟರಲ್ಲಿ ಊರಿಗೆ ಮರಳಿದ್ದರು. ಫೋನ್ ಮಾಡಿ ಹೇಳಿದೆ. ನಮ್ಮ ಮನೆಯ ಮಾಡೇ ಅದರದು, ನೀವು ಸುಮ್ಮನೆ ಹೆದರುತ್ತೀರಿ ಎಂದು ಅವರು ನಕ್ಕರು. ಒಮ್ಮೆಯ ಹತ್ತು ನಿಮಿಷದ ಹುಡಿಯಿಂದ ಕಾಯಿಲೆ ಬರುವ ಸಾಧ್ಯತೆ ತೀರ ಕಡಿಮೆ ಎಂದು ವೈದ್ಯರೂ ಸಮಾಧಾನ ಹೇಳಿದರು. ಆದರೂ ಆ ಇಬ್ಬರನ್ನು ಕೇಳದೆ ಆ ಸಾಧ್ಯತೆಗೆ ಒಡ್ಡಿದವನು ನಾನು. 2006ಕ್ಕಿಂತ ಹಿಂದಿನ ಸಿಮೆಂಟ್ ಶೀಟನ್ನು ಕಂಡರೆ, ಪರೀಕ್ಷೆಯ ವರದಿ ಬರುವವರೆಗೆ ಅದಕ್ಕೆ ಮೊಳೆಯನ್ನೂ ಹೊಡೆಯಬೇಡಿ.

ಕೆಲಸ ಮತ್ತೆ ಆರಂಭವಾದದ್ದು 2021ರ ಚಳಿಗಾಲದಲ್ಲಿ. ಈ ಬಾರಿ ನಿಯಮ ಒಂದೇ: ಪ್ರತಿಯೊಂದು ತುಂಡೂ ಎಲ್ಲಿಂದ ಬಂತೆಂದು ಗೊತ್ತಿರಬೇಕು, ಪ್ರತಿಯೊಂದೂ ಬೋಲ್ಟು ಸಡಿಲಿಸಿದರೆ ಬಿಚ್ಚಿಬರಬೇಕು. ಕೋಣೆಯ ಗೋಡೆಗಳನ್ನು ಮುಟ್ಟಲಿಲ್ಲ. ಹೊರಗೆ, ಹಳೆಯ ಸತುಲೇಪಿತ ಕೊಳವೆಗಳ ಆರು ಕಂಬಗಳನ್ನು ಬಿಡಿ ಕಾಂಕ್ರೀಟ್ ದಿಮ್ಮಿಗಳ ಮೇಲೆ ನಿಲ್ಲಿಸಿದೆವು. ಮರಳುಗಾಳಿ ಚಪ್ಪರವನ್ನು ಕೆಳಗಿನಿಂದ ಎತ್ತುತ್ತದೆಯಾದ್ದರಿಂದ ಇಲ್ಲಿ ದಿಮ್ಮಿಯ ತೂಕವೇ ಅಡಿಪಾಯ. ಅದರ ಲೆಕ್ಕವನ್ನು ಎಂಜಿನಿಯರರಿಂದಲೇ ಮಾಡಿಸಬೇಕು. ಕೋಣೆಯ ಮಾಡಿನ ಮೇಲೆ ಒಂದು ಗೇಣು ಅಂತರ ಬಿಟ್ಟು, ಬಿಳಿಯ ಬಣ್ಣದ ಹಳೆಯ ಲೋಹದ ತಗಡಿನ ಎರಡನೆಯ ಮಾಡು. ಬಿಸಿಲು ಮೇಲಿನದಕ್ಕೆ ಬೀಳುತ್ತದೆ, ನಡುವೆ ಗಾಳಿ ಹಾಯುತ್ತದೆ. ಜುಲೈ ಮಧ್ಯಾಹ್ನ ಒಳಗೆ ಹೋಗಿ ಮಾಡನ್ನು ಮುಟ್ಟಿದಾಗ ಕೈ ಸುಡಲಿಲ್ಲ. ಹಿಂದಿನ ವರ್ಷ ಸುಟ್ಟಿತ್ತು. ಪಶ್ಚಿಮದ ಬದಿಗೆ ಖರ್ಜೂರದ ದಿಂಡಿನ ಹೆಣಿಗೆಯ ಎರಡು ಚಾಪೆಗಳನ್ನು, ಅಡುಗೆಮನೆಯಿಂದ ಸಾಕಷ್ಟು ದೂರದಲ್ಲಿ, ಕಟ್ಟಿದೆವು. ಕಪಾಟು ಪ್ಯಾಲೆಟ್ಟಿನ ಮರದ್ದು. ವಿದ್ಯುತ್ತಿನ ಕೆಲಸ ಮಾತ್ರ ಪೂರ್ತಿ ಹೊಸದು, ಪರವಾನಗಿಯುಳ್ಳವರಿಂದ. ಹಳೆಯ ತಂತಿ, ಹಳೆಯ ಸ್ವಿಚ್ಚುಗಳಲ್ಲಿ ಉಳಿತಾಯ ಹುಡುಕಬಾರದು.

ಬಾಗಿಲಿಗೆ ಊರಿನಿಂದ ಕೆತ್ತನೆಯ ದಾರಂದ ತರಿಸಬೇಕೆಂಬ ಆಸೆ ಇತ್ತು. ಇದು ನಮ್ಮಲ್ಲಿ ಅನೇಕರ ಆಸೆ, ಆದ್ದರಿಂದ ಒಂದು ಎಚ್ಚರಿಕೆ. ಭಾರತದ 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷಕ್ಕೆ ಮೇಲ್ಪಟ್ಟ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಪ್ರಾಚೀನ ವಸ್ತುವೇ. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಜ್ಜನ ಮನೆಯದೇ ಆದರೂ ವಿನಾಯಿತಿ ಇಲ್ಲ. ಇಲ್ಲಿಯೂ ಹವಳದ ಕಲ್ಲು, ಹಳೆಯ ಬಾಗಿಲುಗಳನ್ನು ಪಾರಂಪರಿಕ ಕಟ್ಟಡಗಳ ಅವಶೇಷದಿಂದ ಎತ್ತಿಕೊಳ್ಳಲು 2017ರ ಪ್ರಾಚ್ಯವಸ್ತು ಕಾನೂನು ಬಿಡುವುದಿಲ್ಲ. ಕೆಡವಲಿರುವ ಮನೆಗಳಿಂದ ಕಂಬ, ಬಾಗಿಲು, ಕೊನೆಗೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮಣಿಪಾಲದ ವಿಜಯನಾಥ ಶೆಣೈಯವರ ಹಸ್ತಶಿಲ್ಪ ಗ್ರಾಮವನ್ನು ನೋಡಿದ ಮೇಲೆ ನನ್ನ ಆಸೆ ತಣ್ಣಗಾಯಿತು. ಅಂಥ ದಾರಂದ ತನ್ನ ಮನೆಯಲ್ಲಿ ಉಳಿಯಲಾಗದಿದ್ದರೆ ಇರಬೇಕಾದದ್ದು ಅಂಥಲ್ಲಿ. ನಾನು ಶಾರ್ಜಾದ ಗುಜರಿಯಿಂದ ತಂದ ಸರಳವಾದ ತೇಗದ ಬಾಗಿಲನ್ನೇ ಹಾಕಿಸಿದೆ.

ದೊಡ್ಡ ಪ್ರಮಾಣದಲ್ಲಿ ಇದನ್ನು ನೋಡಬಯಸುವವರಿಗೆ ಎರಡು ಸ್ಥಳಗಳು: ದುಬೈಯ ಅಲ್ ಕೂಜ್‌ನಲ್ಲಿ ಅಮೃತಶಿಲೆಯ ಕಾರ್ಖಾನೆ ಇದ್ದಲ್ಲಿ ಬೆಳೆದ ಅಲ್‌ಸೆರ್ಕಲ್ ಅವೆನ್ಯೂ, ಮತ್ತು 2015ರಲ್ಲಿ ಅಬುಧಾಬಿಯ ಮೀನಾ ಜಾಯೆದ್ ಬಂದರಿನ ಗೋದಾಮುಗಳಲ್ಲಿ ವೇರ್‌ಹೌಸ್ 421 ಎಂಬ ಹೆಸರಿನಲ್ಲಿ ತೆರೆದ ಕಲಾಕೇಂದ್ರ. ಎರಡರಲ್ಲೂ ಹಳೆಯ ಗೋದಾಮಿನ ಆಕಾರವನ್ನು ಮರೆಮಾಚಿಲ್ಲ.

2024ರ ಏಪ್ರಿಲ್ 16ರ ಮಳೆ ನಮ್ಮ ಕೆಲಸದ ಪರೀಕ್ಷೆಯಾಯಿತು. ಅಂದು ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಗಿಂತ ಕಡಿಮೆ ಅವಧಿಯಲ್ಲಿ 254.8 ಮಿಲಿಮೀಟರ್ ಸುರಿಯಿತು. 1949ರಲ್ಲಿ ದಾಖಲೆ ಆರಂಭವಾದಂದಿನಿಂದ ಅಷ್ಟು ಮಳೆ ಬಂದಿರಲಿಲ್ಲ. ನಮ್ಮ ಹಿತ್ತಿಲಲ್ಲಿ ಕಣಕಾಲು ಮುಳುಗುವಷ್ಟು ನೀರು ನಿಂತಿತು. ಚಪ್ಪರ ಅಲುಗಲಿಲ್ಲ. ತೇಗದ ಬಾಗಿಲು ಉಬ್ಬಿ, ವಾರದಲ್ಲಿ ಮೊದಲಿನಂತಾಯಿತು. ಹೆಣಿಗೆಯ ಚಾಪೆಗಳು ಎರಡು ದಿನದಲ್ಲಿ ಒಣಗಿದವು. ಹೊಸದಾಗಿ ಕೊಂಡಿದ್ದ ಒಂದೇ ಒಂದು ವಸ್ತು, ಒತ್ತಿದ ಹೊಟ್ಟಿನ ಹಲಗೆಯ ಮೇಜು, ಪುಡಿಪುಡಿಯಾಯಿತು. ಕೆಳಗಿನ ಸಾಲಿನ ನಲವತ್ತು ಪುಸ್ತಕಗಳು ಹೋದವು. ಕಪಾಟಿನ ಮೊದಲ ಹಲಗೆಯನ್ನು ನೆಲದಿಂದ ಮೊಳದೆತ್ತರದಲ್ಲಿ ಇಡಬೇಕೆಂಬುದು, ಕರಾವಳಿಯಲ್ಲಿ ಹುಟ್ಟಿದವನಾದ ನನಗೆ, ಹೊಳೆಯಬೇಕಾಗಿತ್ತು.

2025ರ ಬೇಸಗೆಗೆ ಮುನ್ನ ನಾವು ಆ ವಿಲ್ಲಾವನ್ನು ಬಿಟ್ಟೆವು. ಪಟ್ಟಿ ಕೈಯಲ್ಲಿತ್ತು, ಪ್ರತಿ ತುಂಡಿಗೂ ಸುಣ್ಣದಲ್ಲಿ ಅಂಕಿ ಬರೆದೆವು. ಬಿಚ್ಚಲು ಎರಡು ದಿನ ಹಿಡಿಯಿತು. ಕೊಳವೆ ಮತ್ತು ತಗಡುಗಳನ್ನು ಮುಸಫ್ಫಾದ ಪರಿಚಿತರೊಬ್ಬರು ತಮ್ಮ ಗಿಡಗಳ ಚಪ್ಪರಕ್ಕೆ ಒಯ್ದರು. ಕಪಾಟುಗಳು ನಮ್ಮ ಜೊತೆ ಫ್ಲಾಟಿಗೆ ಬಂದವು. ಎರಡನೆಯ ಮಾಡು ತೆಗೆದುಬಿಟ್ಟರೆ ಕೋಣೆ ಮತ್ತೆ ಕಾಯುತ್ತದೆ, ಅದನ್ನು ಇಟ್ಟುಹೋಗಿ ಎಂದು ಒಡೆಯರು ಕೇಳಿಕೊಂಡರು. ಪಟ್ಟಿಯ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಇಬ್ಬರೂ ಸಹಿ ಮಾಡಿದೆವು.